ತಮ್ಮನ ರ್ಯಾಪಿಗೆ ನಾನು ಸೊಲ್ಲು ಕೊಟ್ಟದ್ದು

ನನ್ನ ತಮ್ಮನ ಹಾಡಿಗೆ ಸಾವಿರಾರು ಕೇಳುಗರಿದ್ದಾರೆ. ಅವರಲ್ಲಿ ಒಬ್ಬರಿಗೂ ಕಿವಿ ಇಲ್ಲ, ಅದೊಂದೇ ಕೊರತೆ!

ಗಾಬರಿ ಬೇಡ. ನಾನು ಹೇಳುತ್ತಿರುವುದು ರೇಷ್ಮೆ ಹುಳುಗಳ ವಿಷಯ. ಹನೂರಿನಿಂದ ಅಜ್ಜೀಪುರಕ್ಕೆ ಹೋಗುವ ದಾರಿಯಲ್ಲಿರುವ ಒಂದು ಊರು ನನ್ನ ತವರು. ಅಲ್ಲಿ ನಮ್ಮ ಮನೆಯ ಹಿಂದೆ ಹುಳು ಸಾಕುವ ಉದ್ದನೆಯ ಶೆಡ್ಡು ಇದೆ. ನಾವು ಅದನ್ನು ಹುಳುಮನೆ ಎನ್ನುತ್ತೇವೆ, ನನ್ನ ತಮ್ಮ ಸ್ಟುಡಿಯೋ ಎನ್ನುತ್ತಾನೆ. ಏಕೆಂದರೆ ಅವನು ರ್ಯಾಪರ್. ಹೌದು, ರ್ಯಾಪರ್! ಮೂವತ್ತು ದಾಟಿದ, ಗೂಡ್ಸ್ ಆಟೋ ಓಡಿಸುವ, ಪಂಚೆಯ ಮೇಲೆ ತಿರುಗುಮುರುಗು ಟೋಪಿ ಹಾಕುವ ರ್ಯಾಪರ್.

ರ್ಯಾಪ್ ಎಂದರೇನು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹಾಡಿನಿಂದ ರಾಗವನ್ನೆಲ್ಲ ಹಿಂಡಿ ತೆಗೆದು, ಉಳಿದ ಮಾತನ್ನು ಬಸ್ಸಿಗೆ ಹೊತ್ತಾಯಿತು ಎನ್ನುವವರ ಹಾಗೆ ಹೇಳಿ ಮುಗಿಸುವುದೇ ರ್ಯಾಪ್. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಈಗ ಯಳಂದೂರಿನಲ್ಲಿ ಗಂಡನ ಮನೆಯ ಜಗುಲಿಯ ಮೇಲೆ ಮಿಷನ್ನು ಇಟ್ಟುಕೊಂಡು ರವಿಕೆ ಹೊಲಿಯುತ್ತೇನೆ. ನನ್ನ ವಿವರಣೆಯಲ್ಲಿ ತಪ್ಪಿದ್ದರೆ ಓದಿದವರು ತಿದ್ದಿಕೊಳ್ಳಿ.

ಹುಳುಮನೆಯಲ್ಲೇ ಏಕೆ ಹಾಡಬೇಕು? ಅದಕ್ಕೆ ಕಾರಣವಿದೆ. ಹುಳು ಬಹಳ ಸೂಕ್ಷ್ಮದ ಜೀವ. ಹೊರಗಿನವರನ್ನು ಒಳಗೆ ಬಿಡುವುದಿಲ್ಲ. ಮನೆಯವರೂ ಕಾಲು ತೊಳೆದು, ಬಾಗಿಲಲ್ಲಿ ಚೆಲ್ಲಿದ ಸುಣ್ಣದ ಪುಡಿ ತುಳಿದೇ ಒಳಗೆ ಹೋಗಬೇಕು. ಬೀಡಿ ಹೊಗೆ, ಊದುಬತ್ತಿ, ಸೆಂಟು, ಒಗ್ಗರಣೆ ಘಾಟು, ಯಾವುದೂ ಕೂಡದು. ಅಂದ ಮೇಲೆ ಹಾಡು ನಿಲ್ಲಿಸು ಎಂದು ಹೇಳಲು ಅಲ್ಲಿಗೆ ಯಾರು ಬಂದಾರು! ಮೊದಮೊದಲು ನಮ್ಮವ್ವ ಬಾಗಿಲಾಚೆ ನಿಂತು ಕೂಗಾಡಿದಳು.

"ಲೇ, ನೀನು ಬಡಬಡ ಅಂದ್ರೆ ನಿನ್ ಎಂಜ್ಲೆಲ್ಲಾ ಉಳದ ಮ್ಯಾಲೆ ಬೀಳ್ತದೆ ಕಣ್ಲಾ! ರೋಗ ಬಂದಾತು!"

ತಮ್ಮ ಮೂಗು ಬಾಯಿ ಮುಚ್ಚುವ ಮಾಸ್ಕು ತಂದು ಕಟ್ಟಿಕೊಂಡ. ಜಗತ್ತಿನಲ್ಲಿ ರ್ಯಾಪರುಗಳು ಬಹಳ ಮಂದಿ ಇರಬಹುದು. ಕೇಳುಗರ ಆರೋಗ್ಯಕ್ಕಾಗಿ ಮಾಸ್ಕು ಹಾಕಿಕೊಂಡು ಹಾಡುವವನು ಇವನೊಬ್ಬನೇ!

ಹುಳುಗಳಿಂದ ಅವನಿಗೆ ಇನ್ನೊಂದು ಉಪಕಾರವೂ ಇದೆ. ದೊಡ್ಡ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಒಂದು ಗಳಿಗೆ ಸುಮ್ಮನೆ ನಿಂತು ನೋಡಿ. ಎಲ್ಲವೂ ಒಟ್ಟಿಗೆ ತಿನ್ನತೊಡಗಿದರೆ ಶೀಟಿನ ಮೇಲೆ ಮಳೆ ಬಂದ ಹಾಗೆ ಚರಚರ ಚರಚರ ಎಂಬ ಸದ್ದು ಬರುತ್ತದೆ. ನಮಗೆ ಹುಟ್ಟಿದಾಗಿನಿಂದ ಅದು ಬರೀ ಸದ್ದು. ಅವನಿಗೆ ಮಾತ್ರ ಅದು ಬೀಟು! ಮೊಬೈಲನ್ನು ಸೊಪ್ಪಿನ ಪಕ್ಕ ಇಟ್ಟು, ಆ ಚರಚರಕ್ಕೆ ತಲೆಯಾಡಿಸುತ್ತಾ ಹಾಡಿ, ರೆಕಾರ್ಡ್ ಮಾಡಿ, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು ಕಳಿಸುತ್ತಾನೆ. ಆದರೆ ಹುಳು ನಡುನಡುವೆ ಪೊರೆ ಬಿಡಲು ಮೇವು ಬಿಟ್ಟು ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಸದ್ದೂ ಇಲ್ಲ, ಬೀಟೂ ಇಲ್ಲ. ಅಂಥ ದಿನ ಫೋನು ಮಾಡಿ "ಇವತ್ತು ಆಡು ಇಲ್ಲೇನ್ಲಾ?" ಎಂದು ಕೇಳಿದರೆ ಗಂಭೀರವಾಗಿ ಹೇಳುತ್ತಾನೆ:

"ಇಲ್ಲ ಕಣಕ್ಕ. ಮ್ಯೂಸಿಕ್ ಡೈರೆಕ್ಟ್ರಿಗೆಲ್ಲಾ ಜ್ವರ."

ಇನ್ನು ಅವನ ವೇಷ. ರ್ಯಾಪರ್ ಎಂದ ಮೇಲೆ ಕೊರಳಲ್ಲಿ ದಪ್ಪನೆಯ ಸರ ಬೇಕಂತೆ. ಚಿನ್ನ ಯಾರಪ್ಪನ ಮನೆಯಿಂದ ಬರಬೇಕು? ಆಟೋದ ಸ್ಟೆಪ್ನಿ ಚಕ್ರವನ್ನು ಯಾರೂ ಕದಿಯದಂತೆ ಕಟ್ಟಿಟ್ಟಿದ್ದ ಕಬ್ಬಿಣದ ಚೈನನ್ನು ಬಿಚ್ಚಿ, ಬೂದಿ ಹಾಕಿ ತಿಕ್ಕಿ, ಕೊರಳಿಗೆ ಹಾಕಿಕೊಂಡ. ಸ್ಟೆಪ್ನಿಯನ್ನು ಗೊಬ್ಬರದ ಚೀಲದ ದಾರದಿಂದ ಕಟ್ಟಿದ. ಅದು ಎಲ್ಲೋ ಬಿದ್ದುಹೋಯಿತು ಎನ್ನುವುದನ್ನು ನೀವೇ ಊಹಿಸಿಕೊಳ್ಳಬಹುದು. ಆ ವೇಷದಲ್ಲಿ ಅವನು ಮೊದಲ ಸಲ ಮನೆಯೊಳಗೆ ಬಂದಾಗ ನಮ್ಮವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳಂತೆ. ತಲೆ ಎತ್ತಿ ನೋಡಿ, ಮತ್ತೆ ರಾಗಿ ಕೇರುತ್ತಾ ಕೇಳಿದಳಂತೆ:

"ಚೈನೇನೋ ಕತ್ನಲ್ಲೇ ಅದೆ. ಗೂಟ ಎಲ್ ಕಿತ್ತಾಕ್ ಬಂದ್ಯಪ್ಪ?"

ಇಂಥ ಕಲಾವಿದನಿಗೆ ಒಬ್ಬ ವಿಮರ್ಶಕನೂ ಇದ್ದಾನೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡವನು. ಕರೆನ್ಸಿ ಹಾಕುತ್ತಾನೆ, ಗ್ಲಾಸು ಅಂಟಿಸುತ್ತಾನೆ, ಸಭೆ ಸಮಾರಂಭಗಳಿಗೆ ಮೈಕು ಮತ್ತು ಬಾಕ್ಸು ಬಾಡಿಗೆಗೆ ಕೊಡುತ್ತಾನೆ. ರೇಷ್ಮೆ ಗೂಡಿನ ಮಾರುಕಟ್ಟೆಗೆ ಲೋಡು ಇಳಿಸಿದ ಮೇಲೆ ನನ್ನ ತಮ್ಮ ಅಲ್ಲಿ ಟೀ ಕುಡಿಯದೆ ಊರಿಗೆ ಮರಳುವುದಿಲ್ಲ. ನಾನೂ ಲೈನಿಂಗ್ ಬಟ್ಟೆ ತರಲು ಕೊಳ್ಳೇಗಾಲಕ್ಕೆ ಹೋದಾಗ ಅಲ್ಲೇ ಅವನನ್ನು ಕಾಣುವುದು. ಒಂದು ದಿನ ಹೋದರೆ ದೊಡ್ಡ ಚರ್ಚೆ ನಡೆದಿತ್ತು.

"ರ್ಯಾಪು ಮುಗೀತು ಕಣ್ಲಾ," ಎಂದ ಅಂಗಡಿಯವನು, ಯಾರದೋ ಫೋನಿನ ಗ್ಲಾಸಿನ ಮೇಲಿನ ಗುಳ್ಳೆಯನ್ನು ಬೆರಳಿನಿಂದ ಒತ್ತುತ್ತಾ. "ಒಂದ್ ಕಾಲ್ದಲ್ಲಿ ಸಿನಿಮಾದ್ ಆಡು ಅಂದ್ರೆ ಮದ್ಯಕ್ಕೊಬ್ಬ ಬಂದು ಬಡಬಡ ಅನ್ಲೇಬೇಕಾಗಿತ್ತು. ಈಗ ಯಾರ್ಲಾ ಕೇಳ್ತಾರೆ? ನನ್ನಂಗ್ಡೀಗೆ ಬರೋರು ಮಾದಪ್ಪನ ಭಕ್ತಿಗೀತೆ ಆಕು ಅಂತಾರೆ, ಅವ್ವನ್ ಸೆಂಟಿಮೆಂಟು ಆಕು ಅಂತಾರೆ, ಡೀಜೆ ಆಕು ಅಂತಾರೆ. ರ್ಯಾಪ್ ಆಕು ಅಂತ ಒಬ್ನಾರ ಕೇಳವ್ನಾ?"

"ಕೇಳೋರಿಗೆ ಅದು ರ್ಯಾಪು ಅಂತ ಗೊತ್ತಿಲ್ಲ ಕಣಣ್ಣ. ಅದ್ಕೆ ಕೇಳಲ್ಲ. ಅಲ್ನೋಡು!" ಎಂದು ತಮ್ಮ ಬಸ್ಸುಗಳ ಕಡೆ ಕೈ ತೋರಿಸಿದ.

ಅಲ್ಲಿ ಪ್ರೈವೇಟ್ ಬಸ್ಸಿನ ಕಂಡಕ್ಟರೊಬ್ಬ ಬಾಗಿಲು ಬಡಿಯುತ್ತಾ ಕೂಗುತ್ತಿದ್ದ: "ಅನೂರ್ ಅನೂರ್ ಅನೂರ್, ಅಜ್ಜೀಪುರ ಅಜ್ಜೀಪುರ, ಬೆಟ್ಟ ಬೆಟ್ಟ ಬೆಟ್ಟ, ಸೀಟದೆ ಸೀಟದೆ, ಒಳಿಕ್ಕೋಗಿ ಒಳಿಕ್ಕೋಗಿ, ಅಕ್ಕೋ ಚೀಲ ಎತ್ಕೋ, ಬೆಟ್ಟ ಬೆಟ್ಟ ಬೆಟ್ಟ!"

"ಉಸ್ರು ತಕಂಡ್ನಾ? ಬೀಟು ತಪ್ಪುದ್ನಾ?" ಎಂದ ತಮ್ಮ. "ಕೈಲಿ ಬಾಗ್ಲು ಬಡ್ಕಂಡು ಅವ್ನೇ ಮ್ಯೂಸಿಕ್ಕೂ ಕೊಡ್ತಾವ್ನೆ. ಇದು ರ್ಯಾಪಲ್ದೆ ಮತ್ತೇನು?"

"ಅದು ಬಸ್ಸು ಕಣ್ಲಾ!"

"ಬಸ್ಸೇಯ. ಆದ್ರೆ ತುಂಬುದ್ ಬಸ್ಸು! ಇಷ್ಟ್ ಜನನ ಒಟ್ಗೆ ಸೇರ್ಸೋ ಆಡು ಇನ್ಯಾವುದದೆ, ಏಳು ನೋಡವ?"

ಅಂಗಡಿಯವನು ಗುಳ್ಳೆ ಒತ್ತುವುದನ್ನು ನಿಲ್ಲಿಸಿ, ನನ್ನ ತಮ್ಮನನ್ನು ಟೋಪಿಯಿಂದ ಚಪ್ಪಲಿಯವರೆಗೆ ನೋಡಿದ. "ಅವ್ನ್ ಬಸ್ಸು ತುಂಬ್ತಪ್ಪ, ಒಪ್ಕತೀನಿ. ನಿನ್ ಬಸ್ಸಿಗೆ ಯಾರ್ಲಾ ಅತ್ತವ್ರೆ?"

ಈ ಮಾತು ತಮ್ಮನಿಗೆ ನಾಟಿತು. ರ್ಯಾಪು ಬೆಳೆಯುತ್ತಿದೆಯೋ ಸಾಯುತ್ತಿದೆಯೋ ಎಂದು ಅವನೇ ಸಮೀಕ್ಷೆಗೆ ಹೊರಟ. ಸರ್ಕಾರದವರು ಜನಗಣತಿಗೆ ಬಂದಾಗಲೂ ನಮ್ಮ ಕಡೆ ಅಷ್ಟು ಶ್ರದ್ಧೆಯಿಂದ ಯಾರೂ ಪ್ರಶ್ನೆ ಕೇಳಿರಲಿಲ್ಲ! ಆಟೋಗೆ ಕೈ ಅಡ್ಡ ಹಾಕಿದವರಿಗೆಲ್ಲ ಮೊದಲ ಪ್ರಶ್ನೆ ಅದೇ. ಹೊಲಕ್ಕೆ ಹೊರಟಿದ್ದ ಒಬ್ಬ ಹೆಂಗಸು "ರ್ಯಾಪಾ? ನಮ್ ಜಮೀನ್ಗೆ ಅದು ಒಗ್ಗಲ್ಲ ಕಣಪ್ಪ, ನಾವು ಈ ಸರ್ತಿ ಜೋಳ ಆಕಿದ್ದೀವಿ" ಎಂದಳಂತೆ. ಅವಳ ಅಭಿಪ್ರಾಯವನ್ನು ಅವನು 'ಗೊತ್ತಿಲ್ಲ' ಎಂಬ ಕಡೆಗೆ ಸೇರಿಸಿಕೊಂಡ.

ಕೊನೆಗೆ ಒಡೆಯರಪಾಳ್ಯದಲ್ಲಿ ಅವನ ಅದೃಷ್ಟ ತೆರೆಯಿತು. ಅಲ್ಲಿ ಟಿಬೆಟಿನವರು ನೆಲೆಸಿದ್ದಾರೆ. ಜೋಳದ ಮೂಟೆ ತುಂಬಲು ಹೋದಾಗ, ಕಟ್ಟೆಯ ಮೇಲೆ ಟಿಬೆಟಿನ ಯುವಕನೊಬ್ಬ ಕಿವಿಗೆ ಏನೋ ಸಿಕ್ಕಿಸಿಕೊಂಡು ತಲೆಯಾಡಿಸುತ್ತಿದ್ದ. ಆ ಆಡಿಸುವ ಧಾಟಿ ನೋಡಿದ ಕೂಡಲೇ ನನ್ನ ತಮ್ಮನಿಗೆ ಇವನು ನಮ್ಮವನೇ ಎಂದು ಗೊತ್ತಾಗಿಹೋಯಿತಂತೆ! ಮಾತಾಯಿತು. ಇವನು ಜೋಳದ ಮೂಟೆಯ ಮೇಲೆ ನಿಂತು ಕನ್ನಡದಲ್ಲಿ ಒಂದು ಹೊಡೆದ. ಅವನು ಕೆಳಗೆ ನಿಂತು ಅವನ ಭಾಷೆಯಲ್ಲಿ ಒಂದು ಹೊಡೆದ. ಆ ಯುವಕನಿಗೆ ಕನ್ನಡ ಚೆನ್ನಾಗಿಯೇ ಬರುತ್ತದೆ. ಆದರೂ ಕೈ ಕುಲುಕಿ ಹೇಳಿದ್ದು ಇಷ್ಟು: "ಅಣ್ಣ, ಒಂದು ಪದನೂ ಗೊತ್ತಾಗ್ಲಿಲ್ಲ. ಸೂಪರ್!"

ತಮ್ಮ ಹಾರಿಕೊಂಡು ಕೊಳ್ಳೇಗಾಲಕ್ಕೆ ಬಂದ. ಅಂದೂ ನಾನು ಅಲ್ಲಿದ್ದೆ.

"ಅರ್ಥ ಆಗ್ದಿದ್ರೂ ಸೂಪರ್ ಅಂದ ಕಣಣ್ಣ! ಅರ್ಥ ಆಗ್ದೆ ಇರೋದೂ ಜನುಕ್ಕೆ ಇಷ್ಟ ಆಯ್ತದೆ ಅಂದ್ರೆ ರ್ಯಾಪು ಬೆಳೀತಾ ಅದೆ ಅಂತ ತಾನೇ?"

"ಅಲ್ಗೆ ಒಬ್ನಾದ," ಎಂದ ಅಂಗಡಿಯವನು. "ಇನ್ಯಾರು?"

"ನಮ್ಮಕ್ಕ ಅವ್ಳಲ್ಲ! ಒಂದ್ ಆಡೂ ಬುಡ್ದೆ ಕೇಳ್ತಾಳೆ. ನಾ ಕಳಿಸಿ ಕಣ್ಮುಚ್ಚಿ ತೆಗೆಯೋದ್ರಲ್ಲಿ ಕೆಂಪು ಆರ್ಟು ಒತ್ತಿರ್ತಾಳೆ. ಅಲ್ವೇನಕ್ಕ?"

ಕುಡಿಯುತ್ತಿದ್ದ ಟೀ ನನ್ನ ನೆತ್ತಿಗೆ ಹತ್ತಿತು. ಕೆಮ್ಮುತ್ತಾ ಕೆಮ್ಮುತ್ತಾ ತಲೆಯಾಡಿಸಿದೆ. ಕೆಮ್ಮಿಗೆ ಆಡಿದ ತಲೆಯನ್ನು ಅವರಿಬ್ಬರೂ ಒಪ್ಪಿಗೆ ಎಂದುಕೊಂಡರು.

ಇಲ್ಲಿ ನಾನು ನಿಜ ಹೇಳಲೇಬೇಕು. ಕಳಿಸಿ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಹೃದಯ ಒತ್ತುತ್ತೇನಲ್ಲ, ಅಷ್ಟು ಬೇಗ ಹಾಡು ಕೇಳಿ ಮುಗಿಸಲು ಯಾರಿಗಾದರೂ ಸಾಧ್ಯವೇ? ನಾನು ಕೇಳುವುದೇ ಇಲ್ಲ! ಮಿಷನ್ನು ತುಳಿಯುತ್ತಾ ಒಂದು ಕೈಯಲ್ಲಿ ಹೃದಯ ಒತ್ತುತ್ತೇನೆ, ಇನ್ನೊಂದು ಕೈಯಲ್ಲಿ ತೋಳು ಕೂಡಿಸುತ್ತೇನೆ. ಸಂಜೆ ಅವನು ಫೋನು ಮಾಡಿ "ಎಂಗದೆ?" ಎಂದರೆ "ಸೂಪರ್ ಕಣ್ಲಾ, ಓದ್ ಸಲಕ್ಕಿಂತ ಚೆಂದಾಗದೆ" ಎನ್ನುತ್ತೇನೆ. ಹೋದ ಸಲದ್ದು ಹೇಗಿತ್ತು ಎಂದು ಆ ಮಾದಪ್ಪನಾಣೆಗೂ ನನಗೆ ಗೊತ್ತಿಲ್ಲ.

ಮೊದಲ ಹಾಡನ್ನು ಮಾತ್ರ ಹಾಕಿ ಕೇಳಿದ್ದೆ. ಮಿಷನ್ನು ನಿಲ್ಲಿಸಿ, ಫೋನನ್ನು ಕಿವಿಗೇ ಒತ್ತಿಕೊಂಡು ಕೇಳಿದೆ. ಅದು ಕನ್ನಡವೇ. ನಮ್ಮೂರಿನ ಕನ್ನಡವೇ. ಆದರೂ ನನಗೆ ಒಂದು ಪದವೂ ಕೈಗೆ ಸಿಗಲಿಲ್ಲ. ಒಂದನ್ನು ಹಿಡಿಯುವಷ್ಟರಲ್ಲಿ ಹತ್ತು ಓಡಿಹೋಗುತ್ತಿದ್ದವು. ಶಾಲೆಯಲ್ಲಿ ಮೇಷ್ಟ್ರು ಬೋರ್ಡು ಒರೆಸಿಬಿಟ್ಟಾಗ ನಾನಿನ್ನೂ ಅರ್ಧ ಬರೆದುಕೊಂಡು ಕೂತಿರುತ್ತಿದ್ದೆನಲ್ಲ, ಹಾಗಾಯಿತು. ಎತ್ತಿ ಆಡಿಸಿದ ತಮ್ಮನ ಮಾತು ಅಕ್ಕನಿಗೆ ತಿಳಿಯಲಿಲ್ಲ ಎಂದು ಹೇಳುವುದಕ್ಕೆ ನಾಚಿಕೆಯಾಯಿತು. ಹೃದಯ ಒತ್ತುವುದು ಸುಲಭವಾಗಿತ್ತು. ಒತ್ತಿದೆ. ಆಮೇಲೆ ಅದೇ ರೂಢಿಯಾಯಿತು. ಇತ್ತೀಚೆಗೆ ಫೋನಿನಲ್ಲಿ ಜಾಗವಿಲ್ಲ ಎಂದು ಬಂದಾಗ ಅವನ ಹಾಡುಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಯೂಬಿಟ್ಟೆ. ರವಿಕೆಯ ಕತ್ತಿನ ಡಿಸೈನುಗಳನ್ನು ಮಾತ್ರ ಉಳಿಸಿಕೊಂಡೆ. ನೋಡಿ, ಎಂಥ ಅಕ್ಕ!

ಇಷ್ಟರಲ್ಲಿ ನವೆಂಬರ್ ಬಂತು. ನವೆಂಬರಿನಲ್ಲಿ ನಮ್ಮ ಕಡೆ ಯುವಕರ ಸಂಘ ಇರುವ ಕಡೆಯಲ್ಲೆಲ್ಲ ಒಂದು ವೇದಿಕೆ ಏಳುತ್ತದೆ. ಹನೂರಿನ ಒಂದು ಸಂಘದ ಕಾರ್ಯಕ್ರಮಕ್ಕೆ ಮೈಕಿನ ಬಾಡಿಗೆ ನಮ್ಮ ಮೊಬೈಲ್ ಅಂಗಡಿಯವನದೇ. ಅವನು ತಮ್ಮನಿಗೆ ಸವಾಲು ಹಾಕಿದ: "ಸಂಘದೋರ್ಗೆ ಏಳಿ ನಿಂಗೊಂದ್ ಆಡಿಗೆ ಜಾಗ ಕೊಡುಸ್ತೀನಿ. ಒಬ್ರಾರ ನಿಂಗೆ ಸೊಲ್ಲು ಕೊಡ್ಲಿ, ರ್ಯಾಪು ಬದುಕದೆ ಅಂತ ಒಪ್ಕತೀನಿ. ಕೊಡ್ಲಿಲ್ವಾ, ನೀನು ಒಸಾ ಸ್ಟೆಪ್ನಿ ತಂದು ಆ ಚೈನ್ ಅದ್ಕೆ ಕಟ್ಟು."

ಒಬ್ಬ ಮುಂದಾಗಿ ಹಾಡಿದ್ದಕ್ಕೆ ಉಳಿದವರು ದನಿಗೂಡಿಸುವುದಕ್ಕೆ ನಮ್ಮಲ್ಲಿ ಸೊಲ್ಲು ಕೊಡುವುದು ಎನ್ನುತ್ತಾರೆ. ಸೊಲ್ಲಿಲ್ಲದ ಹಾಡು ನಮ್ಮ ಜನಕ್ಕೆ ಉಪ್ಪಿಲ್ಲದ ಸಾರು. ತಮ್ಮ ಸವಾಲು ಒಪ್ಪಿಕೊಂಡ. ಒಪ್ಪಿಕೊಂಡು ನೇರ ನನಗೆ ಫೋನು ಮಾಡಿದ.

"ಅಕ್ಕ, ಆ ಉಳದ್ ಆಡು ಆಡ್ತೀನಿ. ನಾನು ಮದ್ಯದಲ್ಲಿ ನಿಲ್ಸಿ 'ಉಳ ಏನಂತದೆ?' ಅಂತೀನಿ. ನೀನು ಮುಂದ್ಗಡೆ ಕುಂತ್ಕಂಡು ಗಟ್ಟಿಯಾಗಿ ಸೊಲ್ಲು ಕೊಡು. ಒಬ್ರು ಕೊಟ್ರೆ ಮಿಕ್ಕೋರೂ ಕೊಡ್ತಾರೆ. ಸೊಲ್ಲು ನಿಂಗೆ ಗೊತ್ತಲ್ಲ?"

"ಗೊತ್ತು ಗೊತ್ತು," ಎಂದೆ.

"ಜನ ಸುಮ್ನೆ ಕುಂತ್ಬುಟ್ರೆ ಇದೇ ಕೊನೆ ಕಣಕ್ಕ. ನಾನು ಆಡೋದ್ ಬುಟ್ಬುಡ್ತೀನಿ. ಒಬ್ನೇ ಎಷ್ಟ್ ದಿನ ಆಡ್ಕಳದು?"

ಫೋನು ಇಟ್ಟ ಮೇಲೆ ನನಗೆ ಬೆವರು. ಹುಳು ಏನೆನ್ನುತ್ತದೆ? ತವರಿನಲ್ಲಿ ಅಷ್ಟು ವರ್ಷ ಹುಳು ಮೇಯಿಸಿದ್ದೇನೆ, ಒಂದು ದಿನವೂ ಅದು ಬಾಯಿ ಬಿಟ್ಟು ಏನನ್ನೂ ಅಂದದ್ದಿಲ್ಲ! ಹಾಡನ್ನು ಮತ್ತೆ ಕಳಿಸು ಎಂದರೆ ಅಳಿಸಿದ್ದು ಗೊತ್ತಾಗುತ್ತದೆ. ನಮ್ಮ ಯಜಮಾನರಿಗೂ ಅವನು ಹಾಡು ಕಳಿಸುತ್ತಾನೆ ಎಂಬುದು ನೆನಪಾಗಿ ಅವರ ಹತ್ತಿರ ಓಡಿದೆ.

"ರೀ, ಉಳ ಏನಂತದೆ?"

ಅವರು ಪೇಪರಿನಿಂದ ತಲೆ ಎತ್ತಿ ನನ್ನ ಹಣೆ ಮುಟ್ಟಿ ನೋಡಿದರು. ವಿಷಯ ಹೇಳಿದ ಮೇಲೆ, "ನಿನ್ ತಮ್ಮುನ್ನ ನಾನು ಯಾವತ್ತೋ ಮ್ಯೂಟ್ ಮಾಡೀನಿ ಕಣೆ. ಎದುರ್ಗೆ ಮಾಡಕ್ಕಾಗಲ್ಲ, ಅಲ್ಲಾದ್ರೂ ಇರ್ಲಿ ಅಂತ" ಎಂದು ಪೇಪರಿಗೆ ಮರಳಿದರು.

ಅವ್ವನಿಗೆ ಫೋನು ಮಾಡಿ, ಹಾಡು ಅಳಿಸಿದ್ದನ್ನೂ ಹೇಳಿ ಕೇಳಿದೆ. ಒಂದೇ ಮನೆಯಲ್ಲಿರುವವಳು, ಏನಾದರೂ ಕಿವಿಗೆ ಬಿದ್ದಿರಲೇಬೇಕು. "ಅವುನ್ ಆಡಾ? ನಂಗೊಂದ್ ಸಾಲು ಚೆಂದಾಗ್ ಗೊತ್ತು ಕಣವ್ವ," ಎಂದಳು. ನನಗೆ ಹೋದ ಜೀವ ಬಂದಂತಾಯಿತು. "ಏಳವ್ವ ಏಳು!" ಎಂದೆ.

"'ಅವ್ವ, ಬಾಗ್ಲಾಕು!' ದಿನಾ ಅದ್ರಿಂದಾನೇ ಸುರು ಮಾಡದು."

ಹೀಗೆ ಏನೂ ತಿಳಿಯದೆ, ಒಳ್ಳೆಯ ಸೀರೆ ಉಟ್ಟು ಹನೂರಿನಲ್ಲಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೋಗಿ ಕೂತೆ. ಮಧ್ಯಾಹ್ನಕ್ಕೆಂದಿದ್ದ ಕಾರ್ಯಕ್ರಮ ಮುಖ್ಯ ಅತಿಥಿಗಳು ಬಂದು ಮಾಲೆ ಹಾಕಿಸಿಕೊಂಡು ಮಾತಾಡಿ ಹೋಗುವಷ್ಟರಲ್ಲಿ ಬಿಸಿಲು ಇಳಿದಿತ್ತು. ಮಕ್ಕಳ ಡ್ಯಾನ್ಸಾಯಿತು. ಒಬ್ಬರು ಸಿನಿಮಾ ಹಾಡು ಹಾಡಿದರು, ಜನ ಶಿಳ್ಳೆ ಹೊಡೆದರು. ಆಮೇಲೆ ನಿರೂಪಕ ಕೈಯಲ್ಲಿದ್ದ ಚೀಟಿಯನ್ನು ಅನುಮಾನದಿಂದ ನೋಡಿ, "ಈಗ ನಮ್ಮದೇ ತಾಲೂಕಿನ ಪ್ರತಿಭೆಯಿಂದ ರ್ಯಾಪ್... ಅಂದ್ರೆ... ಅವರೇ ಬಂದು ಹೇಳ್ತಾರೆ" ಎಂದ.

ತಮ್ಮ ಬಂದ. ಟೋಪಿ, ಚೈನು, ಇಸ್ತ್ರಿ ಮಾಡಿದ ಪಂಚೆ. ಬಾಕ್ಸಿನಿಂದ ಹುಳು ಮೇಯುವ ಚರಚರ ಹೊರಟಿತು. ಹಿಂದಿನ ಸಾಲಿನಲ್ಲಿ ಯಾರೋ "ಲೇ, ಮಳೆ ಬಂತು, ಕುರ್ಚಿ ಎತ್ಕಳ್ರಲಾ!" ಎಂದರು. ನಾಲ್ಕು ಜನ ಎದ್ದು ಆಕಾಶ ನೋಡಿದರು. ತಮ್ಮ ಶುರು ಮಾಡಿಯೇಬಿಟ್ಟ. ಅವನ ಬಾಯಿ ಓಡಿತು, ಕೈ ಓಡಿತು, ಜನ ಮಾತ್ರ ಇದ್ದಲ್ಲೇ ಇದ್ದರು. ಒಬ್ಬಳು ಮಗುವಿನ ಮೂಗು ಒರೆಸಿದಳು. ಇಬ್ಬರು ಕಡಲೆಕಾಯಿ ಸುಲಿದರು. ಮೈಕಿನ ಪಕ್ಕ ನಿಂತ ಅಂಗಡಿಯವನು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನನಗೆ ನನ್ನ ಎದೆಯ ಬೀಟೇ ಕೇಳುತ್ತಿತ್ತು.

ತಟ್ಟನೆ ತಮ್ಮ ನಿಲ್ಲಿಸಿದ. ಮೈಕನ್ನು ನನ್ನ ಕಡೆಗೇ ಚಾಚಿದ.

"ಉಳ ಏನಂತದೆ?"

ಎಲ್ಲೂ ಸದ್ದಿಲ್ಲ. ಬಾಕ್ಸಿನಲ್ಲಿ ಚರಚರ. ತಮ್ಮ ನನ್ನನ್ನು ನೋಡುತ್ತಿದ್ದಾನೆ. ಇನ್ನೊಮ್ಮೆ ಕೇಳಿದ, ಈ ಸಲ ದನಿ ಸ್ವಲ್ಪ ಸಣ್ಣದಾಗಿತ್ತು. "ಉಳ ಏನಂತದೆ?"

ಏನನ್ನಬೇಕು ನಾನು? ನನ್ನ ಬಾಯಿಗೆ ಗೊತ್ತಿರುವ ಸೊಲ್ಲು ಯಾವುದು? ಹುಟ್ಟಿದಾಗಿನಿಂದ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವರ ಜೊತೆ ಕೂಗಿದ್ದೇನಲ್ಲ, ಅದೊಂದೇ! ಕಣ್ಣು ಮುಚ್ಚಿ, ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ ಕೂಗಿಬಿಟ್ಟೆ:

"ಉಘೇ ಉಘೇ!"

ನಮ್ಮ ಸೀಮೆಯಲ್ಲಿ ಒಬ್ಬರು ಉಘೇ ಎಂದ ಮೇಲೆ ಇನ್ನೊಬ್ಬರು ಸುಮ್ಮನೆ ಕೂರಲು ಸಾಧ್ಯವೇ? ಬಾಯಲ್ಲಿ ಕಡಲೆಕಾಯಿ ಇದ್ದವರೂ ಉಗಿದು ಕೂಗಿದರು. "ಉಘೇ ಉಘೇ!" ಎಂದು ಇಡೀ ಮೈದಾನ ಎದ್ದು ನಿಂತಿತು. ಎರಡನೇ ಸಾಲಿನಲ್ಲಿದ್ದ ಅಜ್ಜ ಚಪ್ಪಲಿ ಕಳಚಿಟ್ಟು ಕೈ ಮುಗಿದ. ವೇದಿಕೆಯ ಮೇಲೆ ನನ್ನ ತಮ್ಮ ಕಂಬದ ಹಾಗೆ ನಿಂತುಬಿಟ್ಟಿದ್ದ. ಆಮೇಲೆ ಏನನ್ನಿಸಿತೋ, ಟೋಪಿಯನ್ನು ಒತ್ತಿಕೊಂಡು ಮುಂದಿನ ಸಾಲುಗಳನ್ನು ಹೊಡೆದ, ಮತ್ತೆ ಕೇಳಿದ: "ಉಳ ಏನಂತದೆ?" "ಉಘೇ ಉಘೇ!" "ಜೋರಾಗಿ! ಉಳ ಏನಂತದೆ?" "ಉಘೇ ಉಘೇ!" ಹುಳು ಹಾಗೇಕೆ ಅನ್ನುತ್ತದೆ ಎಂದು ಒಬ್ಬರಾದರೂ ಯೋಚಿಸಿದರೆ ಕೇಳಿ! ಹಾಡು ಮುಗಿಯುವ ಹೊತ್ತಿಗೆ ಒಬ್ಬಾಕೆ ಬಂದು ಅವನ ಹಣೆಗೆ ವಿಭೂತಿ ಹಚ್ಚಿ ಹೋದಳು.

ಮೈಕಿನವನನ್ನು ಹಿಡಿದುಕೊಂಡು "ಒಪ್ಕಳಣ್ಣ, ರ್ಯಾಪು ಬದುಕದೆ!" ಎಂದೆ.

"ರ್ಯಾಪು ಸತ್ತೋಯ್ತು ಕಣಕ್ಕ," ಎಂದ ಅವನು ವೈರು ಸುತ್ತುತ್ತಾ. "ಸತ್ತು, ಬೆಟ್ಟಕ್ಕೋಗಿ, ಭಜನೆ ಆಗಿ ಎದ್ ಬಂತು. ಆದ್ರೂ ಸೊಲ್ಲು ಸೊಲ್ಲೇಯ. ಸೋತೆ ನಾನು."

ಯಳಂದೂರಿನ ಬಸ್ಸು ಹತ್ತಿಸಲು ತಮ್ಮ ನನ್ನನ್ನು ಆಟೋದಲ್ಲಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೊರಟ. ಗೆದ್ದವನು ಬಡಬಡ ಮಾತಾಡಬೇಕಲ್ಲ, ಮಾತೇ ಇಲ್ಲ. ಹಣೆಯ ವಿಭೂತಿ ಬೆವರಿಗೆ ಇಳಿದಿತ್ತು. ಊರು ದಾಟಿದ ಮೇಲೆ ನಾನೇ ಬಾಯಿಬಿಟ್ಟೆ.

"ನಂಗೆ ಸೊಲ್ಲು ಗೊತ್ತಿರ್ಲಿಲ್ಲ ಕಣ್ಲಾ. ನಾನು ನಿನ್ ಆಡು ಕೇಳೇ ಇಲ್ಲ."

"ಗೊತ್ತು," ಎಂದ, ರಸ್ತೆಯಿಂದ ಕಣ್ಣು ತೆಗೆಯದೆ.

"ಇವತ್ತು ಗೊತ್ತಾಯ್ತಾ?"

"ಮೊದ್ಲಿಂದಾನೂ ಗೊತ್ತು. ವಾಯ್ಸ್ ಕಳಿಸುದ್ರೆ ಪಕ್ಕದಲ್ಲಿ ಸಣ್ಣದೊಂದ್ ಮೈಕ್ ಬತ್ತದಲ್ಲ, ಕೇಳ್ದೋರು ಕೇಳುದ್ರೆ ಅದು ನೀಲಿ ಆಯ್ತದೆ ಕಣಕ್ಕ. ನಿಂದು ಮೊದಲ್ನೇದೊಂದೇ ನೀಲಿ ಆಗಿದ್ದು."

ನನಗೆ ಆಟೋದಿಂದ ಇಳಿದು ನಡೆದುಹೋಗುವ ಹಾಗಾಯಿತು. ಅಷ್ಟು ದಿನದಿಂದ, ಅಷ್ಟು ಸುಳ್ಳು ಸೂಪರ್‌ಗಳನ್ನು ಇವನು ಸುಮ್ಮನೆ ಕೇಳಿಸಿಕೊಂಡಿದ್ದಾನೆ!

"ಮತ್ಯಾಕ್ಲಾ ಕಳುಸ್ತಿದ್ದೆ?"

"ಕಳುಸುದ್ರೆ ಆರ್ಟ್ ಬತ್ತದಲ್ಲ. ಬಂತು ಅಂದ್ರೆ ಅಕ್ಕ ಮಿಷನ್ ಮುಂದೆ ಕುಂತವ್ಳೆ, ಚೆಂದಾಗವ್ಳೆ ಅಂತ ಅರ್ಥ. ಅಷ್ಟ್ ಸಾಕಾಗಿತ್ತು."

"ನಂಗೊತ್ತಿಲ್ಲ ಅಂತ ಗೊತ್ತಿದ್ದೂ ಇವತ್ತು ನನ್ನೇ ಯಾಕ್ಲಾ ಕರುದ್ಬುಟ್ಟೆ, ಅಷ್ಟ್ ಜನದ್ ಮುಂದೆ?"

ಅವನು ನಾಚಿಕೆಯಿಂದ ನಕ್ಕ. "ಸೊಲ್ಲು ಕೊಡ್ಬೇಕಲ್ಲ ಅಂತ ಭಯಕ್ಕಾರ ಕೇಳ್ತೀಯ ಅನ್ಕಂಡೆ. ಅದುನ್ನೂ ಅಳಿಸಾಕಿದ್ದೀಯ ಅಂತ ನಂಗೇನ್ ಗೊತ್ತು? ಆಡು ಮುಗುದ್ಮೇಲೆ ಅವ್ವ ಫೋನಲ್ಲಿ ಏಳುದ್ಲು."

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಕೊನೆಗೆ, ಯಾರಿಗೂ ಹೇಳದ ಮಾತನ್ನು ಹೇಳಿದೆ. "ನಂಗೆ ತಿಳಿಯಾಕಿಲ್ಲ ಕಣಪ್ಪ. ನೀ ಓಡುಸ್ಕಂಡು ಓಯ್ತೀಯ. ನಾ ಇಡ್ಕಳಕ್ಕಾಗಲ್ಲ."

ಅವನು ಆಟೋವನ್ನು ರಸ್ತೆಯ ಪಕ್ಕಕ್ಕೆ ಎಳೆದು ನಿಲ್ಲಿಸಿದ. ಇಂಜಿನ್ ಆಫ್ ಮಾಡಿದ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಬೀಟಿಲ್ಲದೆ, ಕೈ ಆಡಿಸದೆ, ಹಸುಳೆಗೆ ಅನ್ನ ಕಲಸಿ ಒಂದೊಂದೇ ತುತ್ತು ಇಡುವವರ ಹಾಗೆ ಒಂದೊಂದೇ ಪದ ಹೇಳತೊಡಗಿದ.

"ಬೆಳ್ಗೆ ಸೊಪ್ಪು, ಮದ್ಯಾನ ಸೊಪ್ಪು, ಬೈಗ್ಗೂ ಸೊಪ್ಪು, ರಾತ್ರಿ ಸೊಪ್ಪು,
ಉಳಕ್ಕೆ ಜ್ವರ ಬಂದ್ರೆ ಮಾತ್ರ ನಮ್ಮಟ್ಟೀಲಿ ಎಲ್ಲಾ ಗಪ್ಪು."

"ಉಳ ಏನಂತದೆ?" ಎಂದು ಕೇಳಿ, "'ಇನ್ನೂ ಬೇಕು' ಅನ್ಬೇಕು ಕಣಕ್ಕ, ಅಷ್ಟೇಯ" ಎಂದು ಅವನೇ ಹೇಳಿಕೊಟ್ಟು ಮುಂದುವರಿಸಿದ.

"ತಿಂದು ತಿಂದು ಬೆಳ್ದ ಉಳ ಒಂದಿನ ತಲೆ ಎತ್ತುತದೆ,
ಸೊಪ್ಪು ಕಂಡ್ರೂ ಬ್ಯಾಡ ಅಂತದೆ, ಮೂಲೆ ಉಡುಕ್ತದೆ.
ತನ್ ಬಾಯಿಂದ ನೂಲು ತಗ್ದು ತನ್ಗೊಂದ್ ಮನೆ ಕಟ್ತದೆ,
ಆ ಮನೆ ಬಿಚ್ಚಿ ಸೀರೆ ನೇಯ್ದು ಊರು ಮದ್ವೆ ಮಾಡ್ತದೆ."

ಹಿಂದೆ ಬೆಟ್ಟದಿಂದ ಬರುತ್ತಿದ್ದ ಬಸ್ಸೊಂದು ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿಹೋಯಿತು. ಅದು ದಾಟುವವರೆಗೂ ಕಾದು, ಬಿಟ್ಟ ಪದದಿಂದಲೇ ಮತ್ತೆ ಹಿಡಿದ. ಎಲ್ಲೂ ಅವಸರ ಮಾಡಲಿಲ್ಲ. ಮುಗಿದ ಮೇಲೆ ನನ್ನ ಕಡೆ ತಿರುಗಿ, ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಕೇಳಿದ:

"ತಿಳೀತಾ ಅಕ್ಕ?"

"ಇಲ್ಲ ಕಣ್ಲಾ," ಎಂದೆ. "ಇನ್ನೊಂದ್ ಸಲ ಏಳು."

ಅದೂ ಸುಳ್ಳೇ. ಎಲ್ಲವೂ ತಿಳಿದಿತ್ತು.